ಎರವಿನ ಒಡವೆಯೊಡನೆ ಕೋಲಾರದ ಸೀಮೆಯಲ್ಲಿ

ಕಳೆದ ವೈಶಾಖಮಾಸದಲ್ಲಿ ಶ್ರೀನಿವಾಸಪುರದ ನಮ್ಮ ಬಂಧುಗಳ ಮನೆಯಲ್ಲೊಂದು ಮದುವೆಯಿದ್ದಿತು. ಹೋಗುವ ದಾರಿಯಲ್ಲಿ ಮಾಲೂರು, ಕೋಲಾರ, ಮುಳಬಾಗಿಲುಗಳನ್ನೂ ನೋಡಿಕೊಂಡು ಹೋಗೋಣವೆಂದು ನಾವು ಮೂರು ದಿವಸ ಮುಂಚಿತವಾಗಿಯೇ ಹೊರಟೆವು. ನಮ್ಮೊಡನೆ ಮನೆಯವರು, ಮೊಮ್ಮಗ, ಮೊಮ್ಮಗಳು, ನೌಕಾದಳದಲ್ಲಿ ಸೇವೆಮಾಡಿ ನಿವೃತ್ತರಾದ ನಮ್ಮ ಭಾವಮೈದುನರು, ಇಷ್ಟು ಮಂದಿ ಇದ್ದರು. ನೀರಿಲ್ಲದ ಸೀಮೆಗೆ ನೀರಿನ ಮೇಲೆ ಬಾಳಿದವರನ್ನು ಕರೆದುಕೊಂಡು ಹೋಗುತ್ತಿದ್ದೀರಿ ಎಂದು ನೆರೆಮನೆಯವರು ಹಾಸ್ಯಮಾಡಿದರು. ಆ ಹಾಸ್ಯದಲ್ಲಿಯೇ ನಮ್ಮ ಪ್ರವಾಸದ ಸಾರವೆಲ್ಲ ಅಡಗಿದ್ದಿತೆಂದು ನಮಗೆ ಆಗ ತಿಳಿಯಲಿಲ್ಲ.

ಮೊದಲು ಮಾಲೂರು. ಹೆಂಚು ಇಟ್ಟಿಗೆಗಳಿಗೆ ಹೆಸರಾದ ಊರು. ಜೋಲಾರ್‌ಪೇಟೆಯ ಕಡೆಗೆ ಹೋಗುವ ರೈಲುದಾರಿಯ ಮೇಲಿದೆ. ಕಥೆಗಾರರಾದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಊರಾದ ಮಾಸ್ತಿಯು ಈ ತಾಲ್ಲೂಕಿಗೇ ಸೇರಿದುದೆಂಬುದು ವಾಚಕರಿಗೆ ವಿದಿತವೇ ಇದೆ. ಆದರೆ ನಾವು ಮಾಲೂರಿನಲ್ಲಿ ಇಳಿದದ್ದು ಊರನ್ನು ನೋಡುವುದಕ್ಕಲ್ಲ. ಮದುವೆಯಲ್ಲಿ ಮೊಮ್ಮಗಳು ಉಡತಕ್ಕ ಜರತಾರಿಯ ಲಂಗಕ್ಕೆ ಒಪ್ಪುವ ಡಾಬು ನಮ್ಮ ಮನೆಯಲ್ಲಿರಲಿಲ್ಲ. ಮಾಲೂರಿನಲ್ಲಿರುವ ನಮ್ಮ ಸೋದರತ್ತೆಯವರ ಪೆಟ್ಟಿಗೆಯಲ್ಲಿ ಅವರ ಅತ್ತೆಯ ಕಾಲದ ಡಾಬು ಒಂದಿದೆ. ಅದನ್ನು ಎರವಲು ಕೇಳಿ ತರುವುದಕ್ಕಾಗಿ ಹೋದೆವು. ವೃದ್ಧೆಯು ಅದನ್ನು ಕೆಂಪು ಪಟ್ಟೆಯ ಬಟ್ಟೆಯಲ್ಲಿ ಸುತ್ತಿ, ಎರಡು ಸಲ ಕಣ್ಣಿಗೊತ್ತಿಕೊಂಡು ಕೊಟ್ಟರು. "ಮಗು ಹಾಕಿಕೊಳ್ಳಲಿ. ಮದುವೆ ಮುಗಿದ ಮೇಲೆ ತಂದುಬಿಡಿ" ಎಂದರಷ್ಟೆ.

ಬೀದಿಗೆ ಬಂದೊಡನೆ ಹನ್ನೆರಡು ವರ್ಷದ ಮೊಮ್ಮಗನು, "ತಾತ, ಇದು ದಾರಿಯಲ್ಲಿ ಕಳೆದುಹೋದರೆ ಏನು ಮಾಡುವುದು?" ಎಂದು ಕೇಳಿದನು. ಮನೆಯವರು ಅಪಶಕುನದ ಮಾತೆಂದು ಗದರಿಸಿದರು. ನಮಗೆ ಮಾತ್ರ ಇಷ್ಟು ವರ್ಷ ಶಾಲೆಯಲ್ಲಿ ಪಾಠ ಹೇಳಿದ ಅಭ್ಯಾಸ ಬಿಡಲಿಲ್ಲ. ಈ ಪ್ರಶ್ನೆಗೆ ನಮ್ಮ ದೇಶದಲ್ಲಿ ಬಹು ಹಿಂದೆಯೇ ಉತ್ತರ ಹೇಳಿದ್ದಾರೆ. ಯಾಜ್ಞವಲ್ಕ್ಯ ಸ್ಮೃತಿಯಲ್ಲಿ 'ಯಾಚಿತ' ಎಂದೊಂದು ಬಗೆಯ ವಸ್ತುವಿದೆ. ಆ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಕನ್ನಡನಾಡಿನ ಕಲ್ಯಾಣದಲ್ಲಿ, ಚಾಲುಕ್ಯ ವಿಕ್ರಮಾದಿತ್ಯನ ಆಳಿಕೆಯಲ್ಲಿ ಇದ್ದವನು. ಮದುವೆ ಮೊದಲಾದ ಉತ್ಸವಗಳಿಗೆಂದು ಕೇಳಿ ತಂದ ಬಟ್ಟೆ ಒಡವೆಗಳೇ ಯಾಚಿತವೆಂದು ಅವನು ವಿವರಿಸುತ್ತಾನೆ. ಸಾಲವಾಗಿ ತಂದ ಹಣಕ್ಕೆ ಬದಲು ಬೇರೆ ಹಣವನ್ನು ಕೊಡಬಹುದು. ಯಾಚಿತದಲ್ಲಿ ತಂದ ವಸ್ತುವನ್ನೇ ಹಿಂದಕ್ಕೆ ಕೊಡಬೇಕು. ರಾಜನಿಂದಾಗಲಿ ದೈವದಿಂದಾಗಲಿ ಕಳ್ಳರಿಂದಾಗಲಿ ಅದು ಹೋದರೆ ತಂದವನ ಮೇಲೆ ಹೊಣೆಯಿಲ್ಲ. ಒಡೆಯನು ಕೇಳಿದಾಗ ಕೊಡದೆ ಇಟ್ಟುಕೊಂಡು, ಆಮೇಲೆ ಅದು ನಾಶವಾದರೆ, ಬೆಲೆಯನ್ನೂ ತೆರಬೇಕು, ಅಷ್ಟೇ ದಂಡವನ್ನೂ ತೆರಬೇಕು.

ಭಾವಮೈದುನರು ನಕ್ಕು, "ನಿಮ್ಮ ಶಾಸ್ತ್ರ ಡಾಬಿಗೆ ಮಾತ್ರವೋ, ಯುದ್ಧದ ಹಡಗಿಗೂ ಸಲ್ಲುವುದೋ?" ಎಂದರು. ಹಡಗನ್ನು ಯಾರಾದರೂ ಎರವಲು ಕೊಡುವರೇ ಎಂದು ಹುಡುಗನು ಬೆರಗಾದನು. "ಹಡಗನ್ನೂ ಕೊಟ್ಟಿದ್ದಾರೆ, ವಿಮಾನವನ್ನೂ ಕೊಟ್ಟಿದ್ದಾರೆ. ವಿಮಾನಗಳಂತೂ ನಾವು ಈಗ ಹೋಗುವ ಕೋಲಾರಕ್ಕೇ ಬಂದಿದ್ದವು" ಎಂದು ಅವರು ಹೇಳಿದಾಗ ನಾವೂ ಕಿವಿ ನಿಮಿರಿಸಿದೆವು.

ಕೋಲಾರವನ್ನು ಮಧ್ಯಾಹ್ನ ಸೇರಿದೆವು. ಹಿಂದೆ ಕುವಳಾಲವೆಂದು ಹೆಸರು ಪಡೆದು ಗಂಗರ ರಾಜಧಾನಿಯಾಗಿದ್ದ ಪುರಾತನ ಪಟ್ಟಣವಿದು. ಕೋಲಾರಮ್ಮನ ದರ್ಶನವನ್ನೂ, ಸೋಮೇಶ್ವರನ ಗುಡಿಯ ಕಲ್ಯಾಣಮಂಟಪದ ಕೆತ್ತನೆಯನ್ನೂ ಮುಗಿಸಿ, ಬಿಸಿಲಿಳಿದ ಮೇಲೆ ಅಂತರಗಂಗೆಯ ಮೆಟ್ಟಿಲುಗಳನ್ನು ಹತ್ತಿದೆವು. ಶತಶೃಂಗವೆಂಬ ಬೆಟ್ಟದ ಮಗ್ಗುಲಲ್ಲಿ ಕಲ್ಲುಬಸವನ ಬಾಯಿಂದ ನೀರು ಸುರಿಯುತ್ತದೆ. ಸುತ್ತಲಿನ ಸೀಮೆಯಲ್ಲಿ ವರ್ಷವಿಡೀ ಹರಿಯುವ ಹೊಳೆಯೊಂದೂ ಇಲ್ಲ. ಪಾಲಾರು ಹೆಸರಿಗೆ ಮಾತ್ರ ನದಿ. ಕೆರೆಗಳನ್ನು ನೆಚ್ಚಿ ಬದುಕಿದ ಜನ. ಆ ಕೆರೆಗಳೂ ಒಣಗಿದ ಮೇಲೆ, ೨೦೧೮ರಿಂದ ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಬಳಸಿದ ನೀರನ್ನು ಶುದ್ಧಿಮಾಡಿ ಕೊಳವೆಗಳ ಮೂಲಕ ಇಲ್ಲಿಯ ಕೆರೆಗಳಿಗೆ ತುಂಬುತ್ತಿದ್ದಾರೆ. ನೀರೂ ಎರವಿನದೇ ಎಂದು ನಮ್ಮ ಮನೆಯವರು ಮೆಲ್ಲನೆ ಹೇಳಿದರು.

ಬೆಟ್ಟದ ಮೇಲಿಂದ ಬಯಲನ್ನು ನೋಡುತ್ತ ಭಾವಮೈದುನರು ಹೇಳಿದ ವೃತ್ತಾಂತವನ್ನು ಇಲ್ಲಿ ಸಂಗ್ರಹವಾಗಿ ಕೊಡುತ್ತೇವೆ. ಎರಡನೆಯ ಮಹಾಯುದ್ಧದ ಆರಂಭದಲ್ಲಿ ಇಂಗ್ಲೆಂಡಿಗೆ ಅನ್ನವೂ ಮದ್ದುಗುಂಡೂ ಸಮುದ್ರದ ಮೇಲೆಯೇ ಬರಬೇಕಾಗಿದ್ದಿತು. ಜರ್ಮನರ ಜಲಾಂತರ್ಗಾಮಿಗಳು ನೀರಿನಡಿಯಲ್ಲಿ ಹೊಂಚಿ ಸರಕಿನ ಹಡಗುಗಳನ್ನು ಮುಳುಗಿಸುತ್ತಿದ್ದವು. ಅದಕ್ಕಾಗಿ ಹತ್ತಾರು ಸರಕುಹಡಗುಗಳನ್ನು ಒಂದು ಹಿಂಡಾಗಿ ಕೂಡಿಸಿ, ಹಿಂಡಿನ ಸುತ್ತಲೂ ಕಾವಲುನಾಯಿಗಳಂತೆ ಸಣ್ಣ ಯುದ್ಧನೌಕೆಗಳನ್ನು ಓಡಿಸುತ್ತಿದ್ದರು. ಇವೇ ಬೆಂಗಾವಲು ನೌಕೆಗಳು. ಇವು ಸಾಲದಾದವು, ಕೊಳ್ಳೋಣವೆಂದರೆ ಹಣವೂ ತೀರುತ್ತ ಬಂದಿತು. ೧೯೪೦ರ ಡಿಸೆಂಬರ್ ೧೭ರಂದು ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟರು ಪತ್ರಿಕೆಗಳವರ ಮುಂದೆ ಒಂದು ದೃಷ್ಟಾಂತವನ್ನು ಹೇಳಿದರು: ನೆರೆಮನೆಗೆ ಬೆಂಕಿ ಬಿದ್ದಾಗ ನಮ್ಮ ತೋಟದ ನೀರಿನ ಕೊಳವೆಯ ಬೆಲೆ ಇಷ್ಟೆಂದು ಮೊದಲು ಹಣ ಕೇಳುವುದಿಲ್ಲ, ಬೆಂಕಿ ಆರಿದ ಮೇಲೆ ಕೊಳವೆ ಹಿಂದಕ್ಕೆ ಬಂದರೆ ಸಾಕು. ೧೯೪೧ರ ಮಾರ್ಚ್ ೧೧ರಂದು ಇದೇ ಶಾಸನವಾಯಿತು. ಎರವಲು ಮತ್ತು ಗುತ್ತಿಗೆ ಎಂಬರ್ಥದ 'ಲೆಂಡ್-ಲೀಸ್' ಎಂಬ ಹೆಸರಿನಿಂದ ಅದು ಪ್ರಸಿದ್ಧವಾಗಿದೆ. ಯುದ್ಧ ಮುಗಿಯುವಷ್ಟರಲ್ಲಿ ಅಮೆರಿಕವು ಮಿತ್ರರಾಷ್ಟ್ರಗಳಿಗೆ ಈ ರೀತಿಯಾಗಿ ಕೊಟ್ಟ ಸಾಮಗ್ರಿಯು ಸುಮಾರು ೫,೦೦೦ ಕೋಟಿ ಡಾಲರುಗಳಷ್ಟಾಗಿದ್ದಿತು.

ಹೀಗೆ ಬಂದ ವಸ್ತುಗಳಲ್ಲಿ ಲಿಬರೇಟರ್ ಎಂಬ ವಿಮಾನವೊಂದು. ನಾಲ್ಕು ಇಂಜಿನುಗಳು, ಒಂದು ರೆಕ್ಕೆಯ ತುದಿಯಿಂದ ಇನ್ನೊಂದರ ತುದಿಗೆ ೧೧೦ ಅಡಿ. ಬಹು ದೂರ ಹಾರಬಲ್ಲದ್ದಾದ್ದರಿಂದ ಇದು ಬಾಂಬುಗಳನ್ನು ಹೊರುವುದಕ್ಕೆ ಮಾತ್ರವಲ್ಲದೆ ಆಕಾಶದ ಬೆಂಗಾವಲಾಗಿಯೂ ಒದಗಿತು. ಎರಡು ದಡಗಳಿಂದಲೂ ಬೇರೆ ವಿಮಾನಗಳು ಮುಟ್ಟಲಾಗದ ಅಟ್ಲಾಂಟಿಕ್ ಸಾಗರದ ನಡುಭಾಗವನ್ನು ೧೯೪೩ರಲ್ಲಿ ಕಾದದ್ದು ಇದೇ. ನಮ್ಮ ಬಂಗಾಳ ಕೊಲ್ಲಿಯ ಹಡಗುಗಳಿಗೂ ಮದರಾಸಿನ ಸೇಂಟ್ ಥಾಮಸ್ ಮೌಂಟಿನಿಂದ ಹಾರಿ ಇದು ಕಾವಲಾಗಿದ್ದಿತು. ಇಂತಹ ವಿಮಾನಗಳನ್ನು ನಡೆಸುವ ಶಿಕ್ಷಣವನ್ನು ಕೊಡತಕ್ಕ ಬ್ರಿಟಿಷ್ ವಾಯುಪಡೆಯ ದಳವೊಂದು ಕೋಲಾರದಲ್ಲಿದ್ದಿತು. ೧೯೪೪ರ ನವೆಂಬರ್ ೮ರಂದು ಆ ದಳದಿಂದಲೇ ೩೫೮ನೆಯ ಸ್ಕ್ವಾಡ್ರನ್ ಕೋಲಾರದಲ್ಲಿ ಹುಟ್ಟಿತು. ಮುಂದಿನ ವರ್ಷ ಅದು ಬಂಗಾಳಕ್ಕೆ ಹೋಗಿ, ಅಲ್ಲಿಂದ ಬರ್ಮಾ, ಸಯಾಂ, ಇಂಡೋಚೈನಾಗಳ ಕಾಡುಗಳಲ್ಲಿ ಶತ್ರುಗಳ ಬೆನ್ನ ಹಿಂದೆ ಗುಪ್ತಚರರನ್ನೂ ಸಾಮಗ್ರಿಯನ್ನೂ ಇಳಿಸುತ್ತಿದ್ದಿತು. ಅಮೆರಿಕದವರ ವಿಮಾನ, ಇಂಗ್ಲಿಷರ ದಳ, ನಮ್ಮ ಕೋಲಾರದ ನೆಲ.

ಬೆಟ್ಟದಿಂದ ಇಳಿಯುವಾಗ ಮಂಟಪದ ಬಳಿ ಕುಳಿತಿದ್ದ ವೃದ್ಧರೊಬ್ಬರನ್ನು ಈ ವಿಷಯವಾಗಿ ಕೇಳಿದೆವು. ತಮ್ಮ ತಂದೆಯವರು ಹೇಳುತ್ತಿದ್ದರೆಂದು ಅವರು ಒಂದೇ ಮಾತು ಹೇಳಿದರು: "ರಾತ್ರಿ ಸದ್ದಾದರೆ ದನಗಳು ಹಗ್ಗ ಕಿತ್ತುಕೊಳ್ಳುತ್ತಿದ್ದುವಂತೆ." ಸಾವಿರಾರು ಕೋಟಿಗಳ ಲೆಕ್ಕಕ್ಕಿಂತ ಈ ಒಂದು ಮಾತಿನಿಂದ ಯುದ್ಧವು ನಮಗೆ ಹತ್ತಿರವಾಯಿತು.

ಮಾರನೆಯ ದಿವಸ ಮುಳಬಾಗಿಲು. ಮೂಡಲ ಬಾಗಿಲೇ ಮುಳಬಾಗಿಲಾಯಿತೆಂದು ಹೇಳುತ್ತಾರೆ. ಪೂರ್ವದಿಕ್ಕಿನಿಂದ ಕನ್ನಡನಾಡಿಗೆ ಬರುವವರಿಗೆ ಇದು ನಿಜವಾಗಿಯೂ ಬಾಗಿಲು. ಡಿ. ವಿ. ಗುಂಡಪ್ಪನವರು ೧೮೮೭ರಲ್ಲಿ ಜನಿಸಿದ್ದು ಈ ಊರಿನಲ್ಲಿಯೇ. ಶ್ರೀಪಾದರಾಜರ ಬೃಂದಾವನವಿರುವ ನರಸಿಂಹತೀರ್ಥದಲ್ಲಿ ಸ್ನಾನಮಾಡಿ, ಆಂಜನೇಯಸ್ವಾಮಿಯ ದೇವಸ್ಥಾನಕ್ಕೆ ಹೋದೆವು. ಕುರುಕ್ಷೇತ್ರದ ಯುದ್ಧವು ಮುಗಿದ ಮೇಲೆ ಅರ್ಜುನನು ತನ್ನ ಧ್ವಜದ ಮೇಲಿದ್ದ ಆಂಜನೇಯನನ್ನು ಇಲ್ಲಿ ಪ್ರತಿಷ್ಠಿಸಿದನೆಂಬುದು ಸ್ಥಳಪುರಾಣ.

ಪ್ರದಕ್ಷಿಣೆ ಮಾಡುತ್ತಿರುವಾಗ ನಮಗೆ ಹಠಾತ್ತಾಗಿ ಒಂದು ವಿಚಾರ ಹೊಳೆಯಿತು. ಆ ಧ್ವಜ, ಆ ರಥ, ಆ ಗಾಂಡೀವ, ಆ ಅಕ್ಷಯವಾದ ಬತ್ತಳಿಕೆಗಳು, ಯಾವುವೂ ಅರ್ಜುನನ ಸ್ವಂತವಲ್ಲ. ಖಾಂಡವದಹನಕ್ಕೆ ಮುಂಚೆ ಅಗ್ನಿಯು ವರುಣನನ್ನು ಕೇಳಿ ತಂದುಕೊಟ್ಟವು. ಬಾಳೆಲ್ಲ ಆ ಬಿಲ್ಲಿನ ಹೆಸರಿನಿಂದಲೇ ಅರ್ಜುನನು ಗಾಂಡೀವಧನ್ವಿಯೆನಿಸಿದನು. ಯುದ್ಧ ಮುಗಿದ ಮೇಲೆ ಕೃಷ್ಣನು ಇಳಿದೊಡನೆ ರಥವು ಉರಿದು ಬೂದಿಯಾಯಿತು. ಮಹಾಪ್ರಸ್ಥಾನದಲ್ಲಿ ಪಾಂಡವರು ಸಮುದ್ರತೀರಕ್ಕೆ ಬಂದಾಗ ಅಗ್ನಿಯು ಅಡ್ಡ ನಿಂತು, ವರುಣನ ಬಿಲ್ಲನ್ನು ವರುಣನಿಗೆ ಕೊಡು ಎಂದನು. ಅರ್ಜುನನು ಮರುಮಾತಾಡದೆ ಗಾಂಡೀವವನ್ನು ನೀರಿಗೆಸೆದನು. ಎಷ್ಟು ವರ್ಷಗಳಿಂದ ಈ ಪ್ರಸಂಗವನ್ನು ಓದಿ ಹೇಳಿದ್ದೇವೆ; ಇದು ಯಾಚಿತದ ಕಥೆಯೆಂದು ಮಾತ್ರ ಅಂದಿನವರೆಗೂ ಹೊಳೆದಿರಲಿಲ್ಲ. ಶಸ್ತ್ರದ ಒಡೆತನ ಒಬ್ಬರದು, ಅದರ ಕೀರ್ತಿ ಇನ್ನೊಬ್ಬರದು. ಕೊನೆಗೆ ಹಿಂದಕ್ಕೆ ಕೊಡುವ ಗಳಿಗೆ ಬಂದೇ ಬರುತ್ತದೆ.

ಭಾವಮೈದುನರಿಗೆ ಇದನ್ನು ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಗೋದಾವರಿಯ ಕಥೆಯನ್ನು ಕೇಳಿ" ಎಂದು ದೇವಸ್ಥಾನದ ಜಗಲಿಯ ಮೇಲೆ ಕುಳಿತರು. ಮೊಮ್ಮಗಳು, ಗೋದಾವರಿ ನದಿಯಲ್ಲವೇ ಎಂದಳು. ನದಿಯೂ ಹೌದು, ಹಡಗೂ ಹೌದು.

ಆ ಹಡಗು ಇಂಗ್ಲೆಂಡಿನ ಟೈನ್ ನದಿಯ ದಡದ ಹೆಬರ್ನ್ ಎಂಬಲ್ಲಿ ಹಾಥಾರ್ನ್ ಲೆಸ್ಲಿಯವರ ಕಟ್ಟೆಯಲ್ಲಿ ತಯಾರಾಗಿ, ೧೯೪೧ರಲ್ಲಿ ನೀರಿಗಿಳಿಯಿತು. 'ಹಂಟ್' ಎಂಬ ವರ್ಗದ ಬೆಂಗಾವಲು ನೌಕೆ. ಉದ್ದ ೨೮೦ ಅಡಿ, ನಾಲ್ಕಂಗುಲ ಬಾಯಿಯ ಆರು ತೋಪುಗಳು. ಆ ವರ್ಗದ ಹಡಗುಗಳಿಗೆ ಇಂಗ್ಲೆಂಡಿನ ನರಿಬೇಟೆಯ ತಂಡಗಳ ಹೆಸರುಗಳನ್ನಿಡುವ ಪದ್ಧತಿಯಿದ್ದುದರಿಂದ ಇದಕ್ಕೆ 'ಬೀಡೇಲ್' ಎಂದು ಹೆಸರಿಟ್ಟರು. ಆದರೆ ಆ ಹೆಸರಿನಿಂದ ಅದು ಯುದ್ಧಮಾಡಲಿಲ್ಲ. ೧೯೩೯ರಲ್ಲಿ ಜರ್ಮನಿಯೂ ರಷ್ಯವೂ ಪೋಲೆಂಡ್ ದೇಶವನ್ನು ಹಂಚಿಕೊಂಡುಬಿಟ್ಟಿದ್ದವು. ತಪ್ಪಿಸಿಕೊಂಡು ಬಂದ ಪೋಲಿಷ್ ನಾವಿಕರು ಇಂಗ್ಲೆಂಡಿನಲ್ಲಿದ್ದರು. ದೇಶವಿಲ್ಲ, ಹಡಗುಗಳು ಸಾಲವು, ಧೈರ್ಯವೊಂದು ಇದೆ. ಇಂಗ್ಲಿಷರು ೧೯೪೨ರಲ್ಲಿ ಬೀಡೇಲನ್ನು ಅವರಿಗೆ ಎರವಲು ಕೊಟ್ಟರು. ಪೋಲರು ತಮ್ಮ ಬಾವುಟವನ್ನೇರಿಸಿ ಅದಕ್ಕೆ 'ಶ್ಲೊಂಜಾಕ್' ಎಂದು ಹೆಸರಿಟ್ಟರು. ಸೈಲೀಷಿಯ ಪ್ರಾಂತದವನು ಎಂದು ಅರ್ಥ. ಕಳೆದುಕೊಂಡ ನೆಲದ ಹೆಸರನ್ನು ಎರವಿನ ಹಡಗಿಗೆ ಇಟ್ಟುಕೊಂಡರು. ಇದೇ ವರ್ಗದ ಇನ್ನೆರಡು ಹಡಗುಗಳೂ ಅವರಿಗೆ ಬಂದಿದ್ದವು. ಅವುಗಳಲ್ಲಿ 'ಕುಯಾವ್ಯಾಕ್' ಎಂಬುದು ಅದೇ ೧೯೪೨ರ ಜೂನಿನಲ್ಲಿ ಮಾಲ್ಟಾ ದ್ವೀಪದ ಬಳಿ ನೀರುಸಿಡಿಗುಂಡಿಗೆ ತಗುಲಿ ಮುಳುಗಿತು. ಅದನ್ನು ಯಾರೂ ಹಿಂದಕ್ಕೆ ಕೇಳಲಿಲ್ಲ. ವಿಜ್ಞಾನೇಶ್ವರನ ನ್ಯಾಯ ಅಲ್ಲಿಯೂ ನಡೆಯಿತೆನ್ನಬೇಕು.

೧೯೪೨ರ ಆಗಸ್ಟ್ ೧೯ರಂದು ಫ್ರಾನ್ಸಿನ ದಿಯೆಪ್ ಬಂದರಿನ ಮೇಲೆ ಮಿತ್ರರಾಷ್ಟ್ರಗಳು ದಾಳಿ ಮಾಡಿದವು. ದಂಡೆತ್ತಿ ಹೋದ ಸುಮಾರು ೬,೦೦೦ ಮಂದಿಯಲ್ಲಿ ಸುಮಾರು ೫,೦೦೦ ಮಂದಿ ಕೆನಡಾ ದೇಶದವರು. ದಾಳಿ ವಿಫಲವಾಗಿ ಅವರಲ್ಲಿ ಬಹುಮಂದಿ ಸತ್ತರು, ಇಲ್ಲವೆ ಸೆರೆಯಾದರು. ಅಂದು ಗುಂಡಿನ ಮಳೆಯಲ್ಲಿ ದಡದ ಹತ್ತಿರಕ್ಕೆ ಹೋಗಿ ಎಂಭತ್ತಕ್ಕೂ ಹೆಚ್ಚು ಮಂದಿ ಕೆನಡಾದ ಸಿಪಾಯಿಗಳನ್ನು ನೀರಿನಿಂದೆತ್ತಿದುದು ಈ ಶ್ಲೊಂಜಾಕ್. ಅದರ ಕಪ್ತಾನರು ರೊಮುಅಲ್ಡ್ ನವೆಂಚ್-ತಿಮಿನ್‌ಸ್ಕಿ. ಮರುವರ್ಷ ಸಿಸಿಲಿ, ಸಲೆರ್ನೊಗಳಲ್ಲಿಯೂ, ೧೯೪೪ರ ಜೂನಿನಲ್ಲಿ ನಾರ್ಮಂಡಿಯ ದಡದಲ್ಲಿಯೂ ಈ ಹಡಗು ದಂಡಿಗೆ ಕಾವಲಾಗಿ ನಿಂತಿತು.

ಯುದ್ಧ ಮುಗಿಯಿತು, ಗೆದ್ದವರ ಪಕ್ಷದಲ್ಲಿಯೇ ಪೋಲರಿದ್ದರು. ಆದರೆ ಅವರ ದೇಶದಲ್ಲಿ ಸೋವಿಯತ್ ರಷ್ಯದ ಬಲದಿಂದ ಬೇರೊಂದು ಸರ್ಕಾರ ಏರ್ಪಟ್ಟಿತು. ಲಂಡನ್ನಿನಲ್ಲಿದ್ದ ಪೋಲಿಷ್ ಸರ್ಕಾರಕ್ಕೆ ಕೊಟ್ಟಿದ್ದ ಮನ್ನಣೆಯನ್ನು ಇಂಗ್ಲೆಂಡು ೧೯೪೫ರ ಜುಲೈಯಲ್ಲಿ ಹಿಂತೆಗೆದುಕೊಂಡಿತು. ೧೯೪೬ರಲ್ಲಿ ಶ್ಲೊಂಜಾಕ್ ತನ್ನ ಒಡೆಯರಿಗೆ ಹಿಂದಿರುಗಿತು. ಬಾವುಟ ಇಳಿಯಿತು, ಬೀಡೇಲ್ ಎಂಬ ಹಳೆಯ ಹೆಸರು ಮತ್ತೆ ಬಂದಿತು. ಹಡಗಿಗೆ ಹಿಂದಿರುಗಲು ಒಂದು ಮನೆಯಿದ್ದಿತು, ಅದನ್ನು ನಡೆಸಿದವರಲ್ಲಿ ಅನೇಕರಿಗೆ ಇರಲಿಲ್ಲ. ಕಪ್ತಾನ್ ತಿಮಿನ್‌ಸ್ಕಿಯವರು ಕೊನೆಗೆ ನೆಲೆಸಿದುದು ಕೆನಡಾದಲ್ಲಿ, ತಾವು ನೀರಿನಿಂದೆತ್ತಿ ಉಳಿಸಿದವರ ದೇಶದಲ್ಲಿ. ೨೦೦೩ರಲ್ಲಿ ಅಲ್ಲಿಯೇ ತೀರಿಕೊಂಡರು. ಋಣಾನುಬಂಧವೆಂದು ನಮ್ಮ ಹಿರಿಯರು ಹೇಳುವುದು ಇಂತಹುದನ್ನೇ ಇರಬೇಕು.

"ಆಮೇಲೆ?" ಎಂದು ಹುಡುಗನು ಕೇಳಿದನು. ಆಮೇಲೆ ಆ ಹಡಗು ಕೆಲವು ವರ್ಷ ಕೆಲಸವಿಲ್ಲದೆ ಕಟ್ಟಿಹಾಕಿದಂತಿದ್ದಿತು. ಸ್ವತಂತ್ರವಾದ ಭಾರತಕ್ಕೆ ಅಷ್ಟು ಉದ್ದದ ಕರಾವಳಿ, ಕೈಯಲ್ಲಿದ್ದುದು ಕೆಲವೇ ನೌಕೆಗಳು. ೧೯೫೩ರಲ್ಲಿ ಇಂಗ್ಲೆಂಡು ಹಂಟ್ ವರ್ಗದ ಮೂರು ಹಡಗುಗಳನ್ನು ಎರವಲಾಗಿ ಕೊಟ್ಟಿತು. ಚಿಡಿಂಗ್‌ಫೋಲ್ಡ್ ಎಂಬುದು ಗಂಗಾ ಆಯಿತು, ಲ್ಯಾಮರ್ಟನ್ ಎಂಬುದು ಗೋಮತಿಯಾಯಿತು, ಬೀಡೇಲ್ ಗೋದಾವರಿಯಾಯಿತು. ನರಿಬೇಟೆಯ ಹೆಸರಿನಿಂದ ಹುಟ್ಟಿ, ಕಳೆದುಹೋದ ಪ್ರಾಂತದ ಹೆಸರನ್ನು ಹೊತ್ತು, ಕೊನೆಗೆ ಪುಣ್ಯನದಿಯ ಹೆಸರನ್ನು ಪಡೆದದ್ದು ಅದರ ಭಾಗ್ಯ. ಕೆಲವು ವರ್ಷಗಳ ಮೇಲೆ ಎರವಲು ಕ್ರಯವಾಗಿ ಹಡಗು ನಮ್ಮದೇ ಆಯಿತು. ಎಷ್ಟೋ ಮಂದಿ ತರುಣರಿಗೆ ಕಡಲಿನ ವಿದ್ಯೆಯನ್ನು ಕಲಿಸಿ, ೧೯೭೬ರ ಮಾರ್ಚಿಯಲ್ಲಿ ಮಾಲ್ದೀವ್ ದ್ವೀಪಗಳ ಬಳಿ ನೆಲಕ್ಕೆ ತಾಕಿ ಬಹಳವಾಗಿ ಜಖಂ ಆಯಿತು. ೧೯೭೯ರಲ್ಲಿ ಒಡೆದು ಕಬ್ಬಿಣಕ್ಕೆ ಹಾಕಿದರು. ವರುಣನು ತನ್ನ ಗಾಂಡೀವವನ್ನು ಕೇಳಿಕೊಂಡನೆಂದು ನಾವೆಂದೆವು.

"ಅಲ್ಲಿಗೆ ಮುಗಿಯಲಿಲ್ಲ" ಎಂದರು ಭಾವಮೈದುನರು. ೧೯೮೩ರಲ್ಲಿ ಮುಂಬಯಿಯ ಮಜಗಾಂವ್ ಡಾಕಿನಲ್ಲಿ ನಮ್ಮವರೇ ರೂಪಿಸಿ ನಮ್ಮವರೇ ಕಟ್ಟಿದ ಹೊಸ ಯುದ್ಧನೌಕೆಯೊಂದು ನೌಕಾದಳವನ್ನು ಸೇರಿತು. ಅದರ ಹೆಸರೂ ಗೋದಾವರಿ. ಆ ಹೆಸರಿನಿಂದಲೇ ಆ ವರ್ಗಕ್ಕೆಲ್ಲ ಗೋದಾವರಿ ವರ್ಗವೆಂದು ಹೆಸರಾಯಿತು. ಆ ನೌಕೆಯೂ ೨೦೧೫ರಲ್ಲಿ ನಿವೃತ್ತವಾಯಿತು. "ಎರವಿನ ಹಡಗಿನಲ್ಲಿ ಕಲಿತವರಿಲ್ಲದಿದ್ದರೆ ಸ್ವಂತದ ಹಡಗನ್ನು ನಡೆಸುವವರೆಲ್ಲಿ?" ಎಂಬುದು ಅವರ ಅಭಿಪ್ರಾಯ. ಗುರುಗಳಿಂದ ಎರವಲು ತಂದ ವಿದ್ಯೆಯನ್ನೇ ಬಾಳೆಲ್ಲ ಹಂಚಿದ ನಮಗೆ ಈ ಮಾತು ಮನಸ್ಸಿಗೆ ಹಿಡಿಯಿತು.

ಸಂಜೆಗೆ ಶ್ರೀನಿವಾಸಪುರವನ್ನು ಸೇರಿದೆವು. ದಾರಿಯ ಇಕ್ಕೆಲಗಳಲ್ಲಿಯೂ ಮಾವಿನ ತೋಪುಗಳು. ಕಾಯಿಯ ಭಾರಕ್ಕೆ ಕೊಂಬೆಗಳು ನೆಲವನ್ನು ಮುಟ್ಟುತ್ತಿದ್ದವು. ಈ ಊರಿಗೂ ಹಿಂದೆ ಬೇರೆ ಹೆಸರಿದ್ದಿತು. ಪಾಪನಪಳ್ಳಿಯೆಂಬ ಊರಿಗೆ ದಿವಾನ್ ಪೂರ್ಣಯ್ಯನವರು ತಮ್ಮ ಮಗನ ಹೆಸರನ್ನಿಟ್ಟು ಶ್ರೀನಿವಾಸಪುರವೆಂದರಂತೆ. ಹೆಸರು ಬದಲಾದರೂ ತೋಪಿನ ಮಾವು ಸಿಹಿಯಾಗಿಯೇ ಇದೆಯೆಂದು ಮೊಮ್ಮಕ್ಕಳು ತಿಂದು ನಿರ್ಧರಿಸಿದರು.

ಮದುವೆ ಸಾಂಗವಾಗಿ ನಡೆಯಿತು. ಮೊಮ್ಮಗಳು ಡಾಬನ್ನು ಕಟ್ಟಿಕೊಂಡು ಚಪ್ಪರದ ತುಂಬ ಓಡಾಡಿದಳು. ನೋಡಿದವರೆಲ್ಲರೂ ಹಳೆಯ ಕಾಲದ ಕೆಲಸವೆಂದು ಹೊಗಳಿದರು. ಆರತಕ್ಷತೆಯ ಹೊತ್ತಿಗೆ ಅವಳು ಅಳುತ್ತ ಬಂದಳು. ಡಾಬಿನ ಕೊಂಡಿ ಮುರಿದಿದ್ದಿತು. ಚಿನ್ನವೇನೂ ಹೋಗಿರಲಿಲ್ಲ, ಕೊಂಡಿಯ ಕಂಬಿಯು ಸವೆದು ಕಿತ್ತುಬಂದಿದ್ದಿತು. ಮನೆಯವರ ಮುಖ ಬಾಡಿತು. ರಾಜನೂ ಅಲ್ಲ, ದೈವವೂ ಅಲ್ಲ, ಕಳ್ಳನೂ ಅಲ್ಲ. ನಮ್ಮ ಮಗುವಿನ ಓಡಾಟ. ಮೂರು ದಿವಸ ಶಾಸ್ತ್ರವನ್ನು ಹೇಳಿದವರಿಗೆ ಆ ರಾತ್ರಿ ನಿದ್ದೆ ಬರಲಿಲ್ಲವೆಂಬುದನ್ನು ಮುಚ್ಚಿಡುವುದೇಕೆ?

ಹಿಂದಿರುಗುವಾಗ ಕೋಲಾರದಲ್ಲಿ ಅಕ್ಕಸಾಲಿಗರೊಬ್ಬರ ಅಂಗಡಿಯನ್ನು ಹುಡುಕಿಕೊಂಡು ಹೋದೆವು. ಅವರು ಕೊಂಡಿಯನ್ನು ನೋಡಿ, ಇದು ಇಂದು ಮುರಿದುದಲ್ಲ, ಹಿಂದೆಯೇ ಒಮ್ಮೆ ಬೆಸೆದಿದ್ದಾರೆ ಎಂದು ಹೇಳಿ ಕೆಲಸಕ್ಕೆ ಕುಳಿತರು. ಅವರ ತಟ್ಟೆಯಲ್ಲಿ ಹಳೆಯ ರೂಪಾಯಿಗಳು ಕೆಲವು ಬಿದ್ದಿದ್ದವು, ೧೯೪೩ರವು. ಅರ್ಧ ಮಾತ್ರ ಬೆಳ್ಳಿಯೆಂದು ಅವರು ಹೇಳಿದಾಗ, ಎರವಿನ ಇನ್ನೊಂದು ಕಥೆ ನೆನಪಾಯಿತು. ಯುದ್ಧದಲ್ಲಿ ನಾಣ್ಯಗಳಿಗೆ ಬೆಳ್ಳಿ ಸಾಲದೆ ಭಾರತವು ಅಮೆರಿಕದಿಂದ ಇದೇ ಲೆಂಡ್-ಲೀಸ್ ಶಾಸನದ ಮೇರೆಗೆ ಸುಮಾರು ೨೨ ಕೋಟಿ ೬೦ ಲಕ್ಷ ಔನ್ಸು ಬೆಳ್ಳಿಯನ್ನು ತಂದಿದ್ದಿತು. ಕರಾರು ಹಣಕ್ಕೆ ಹಣವಲ್ಲ, ತೂಕಕ್ಕೆ ತೂಕ. ದೇಶವು ಒಡೆದಾಗ ಆ ಹೊಣೆಯೂ ಎರಡಾಗಿ ಭಾರತ ಪಾಕಿಸ್ತಾನಗಳ ಪಾಲಿಗೆ ಬಂದಿತು. ಭಾರತವು ಹಳೆಯ ನಾಣ್ಯಗಳನ್ನು ಕರಗಿಸಿ, ಬೆಳ್ಳಿಯನ್ನು ಬೇರ್ಪಡಿಸಿ, ೧೯೫೭ರ ಹೊತ್ತಿಗೆ ಹಿಂದಕ್ಕೆ ಕಳುಹಿಸಿತು. ನಮ್ಮ ಅಜ್ಜಿಯರ ಕುಡಿಕೆಗಳಿಂದ ಹೊರಬಿದ್ದ ರೂಪಾಯಿಗಳೂ ಆ ರಾಶಿಯಲ್ಲಿ ಕರಗಿರಬಹುದು.

ಕೊಂಡಿಯು ಬೆಸೆಯುವವರೆಗೂ ಹುಡುಗನು ಸುಮ್ಮನಿರಲಿಲ್ಲ. ಕೋಲಾರದಲ್ಲಿ ಕಲಿತವರು ಹಾರಿಸಿದಂತಹ ವಿಮಾನಗಳು ಕೊನೆಗೇನಾದವೆಂದು ಕೇಳಿದನು. ಭಾವಮೈದುನರು ಹೇಳಿದರು: ಯುದ್ಧ ಮುಗಿದ ಮೇಲೆ ಎರವಿನ ವಿಮಾನಗಳನ್ನು ಹಿಂದಿರುಗಿಸಬೇಕು, ಇಲ್ಲವೆ ಬೆಲೆ ಕೊಡಬೇಕು, ಇಲ್ಲವೆ ಯಾರಿಗೂ ಒದಗದಂತೆ ಕೆಡಿಸಬೇಕು. ಸಮುದ್ರದಾಚೆಗೆ ಸಾಗಿಸುವ ಖರ್ಚೇ ಹೆಚ್ಚೆಂದು ಬ್ರಿಟಿಷ್ ವಾಯುಪಡೆಯು ತನ್ನ ಲಿಬರೇಟರುಗಳನ್ನು ಕಾನ್ಪುರದಲ್ಲಿ ಗುಂಪುಹಾಕಿ, ಇಂಜಿನುಗಳಿಗೆ ಮರಳು ಸುರಿದು, ಮೈಗೆ ತೂತು ಕೊರೆದು ಬಿಟ್ಟುಹೋಯಿತು. ಬೆಂಗಳೂರಿನ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯು ೧೯೪೦ರಲ್ಲಿ ವಾಲಚಂದ್ ಹೀರಾ‌ಚಂದರಿಂದಲೂ ಮೈಸೂರು ಸರ್ಕಾರದ ನೆರವಿನಿಂದಲೂ ಸ್ಥಾಪಿತವಾದುದು. ಅಲ್ಲಿಯ ಕೆಲಸಗಾರರು ಕಾನ್ಪುರಕ್ಕೆ ಹೋಗಿ, ಒಂದರ ಅಂಗವನ್ನು ಇನ್ನೊಂದಕ್ಕೆ ಜೋಡಿಸಿ, ಹಾರುವಷ್ಟು ಮಟ್ಟಿಗೆ ಸರಿಮಾಡಿದರು. ಜಮ್‌ಶೆದ್ ಮುನ್ಷಿ ಎಂಬ ವೈಮಾನಿಕರು ಆ ಜೀರ್ಣವಾದ ವಿಮಾನಗಳನ್ನು ಒಂದೊಂದಾಗಿ ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ಇಲ್ಲಿ ಅವು ಹೊಸದಾದವು. ೧೯೪೮ರ ನವೆಂಬರಿನಲ್ಲಿ ಭಾರತೀಯ ವಾಯುಪಡೆಯ ೫ನೆಯ ಸ್ಕ್ವಾಡ್ರನ್ ಅವುಗಳಿಂದ ಪ್ರಾರಂಭವಾಯಿತು. ೧೯೫೧ರಲ್ಲಿ ೬ನೆಯ ಸ್ಕ್ವಾಡ್ರನ್ ಅವುಗಳಿಂದ ಸಮುದ್ರದ ಕಾವಲಿಗೆ ತೊಡಗಿತು. ೧೯೬೮ರವರೆಗೂ ಅವು ಹಾರಿದವು. ಬೇರೆ ದೇಶಗಳಲ್ಲಿ ಹೆಚ್ಚಿನವೆಲ್ಲ ಕರಗಿಹೋಗಿದ್ದುದರಿಂದ ಆ ವಿಮಾನಗಳಿಗೆ ಬೇಡಿಕೆ ಬಂದಿತು. ೧೯೭೪ರಲ್ಲಿ ಭಾರತವು ಒಂದನ್ನು ಬ್ರಿಟಿಷ್ ವಾಯುಪಡೆಯ ವಸ್ತುಸಂಗ್ರಹಾಲಯಕ್ಕೆ ಕೊಟ್ಟಿತು. ಕೆಡಿಸಿ ಬಿಟ್ಟುಹೋದವರಿಗೆ ಸರಿಮಾಡಿ ಕೊಟ್ಟಂತಾಯಿತು.

ಅಕ್ಕಸಾಲಿಗರು ತಲೆಯೆತ್ತದೆಯೇ ಇದೆಲ್ಲವನ್ನೂ ಕೇಳಿದ್ದರು. ಡಾಬನ್ನು ಹುಣಿಸೆಯ ನೀರಿನಲ್ಲಿ ತೊಳೆದು ಕೈಗೆ ಕೊಡುತ್ತ, "ಬೆಸುಗೆ ಇರುವ ಕಡೆ ಇನ್ನು ಮುರಿಯುವುದಿಲ್ಲ" ಎಂದರು.

ಮಾಲೂರಿಗೆ ಹೋದೆವು. ಮುರಿದುದನ್ನೂ ಬೆಸೆಸಿದುದನ್ನೂ ಮೊದಲೇ ಹೇಳಿಬಿಡುವುದು ಧರ್ಮವೆಂದು ನಾವು ಬಾಗಿಲಲ್ಲಿಯೇ ಹೇಳಿಬಿಟ್ಟೆವು. ವೃದ್ಧೆಯು ಕೊಂಡಿಯ ಮೇಲೆ ಬೆರಳಾಡಿಸಿ ನೋಡಿ, "ನನ್ನ ಮದುವೆಯ ದಿವಸವೂ ಇದು ಇಲ್ಲಿಯೇ ಮುರಿದಿತ್ತು. ಅತ್ತೆಗೆ ಹೇಳಲು ಹೆದರಿ ಗುಟ್ಟಾಗಿ ಬೆಸೆಸಿದ್ದೆ" ಎಂದರು. ಅನಂತರ ಅದನ್ನು ಅದೇ ಕೆಂಪು ಪಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟು, ಮೊಮ್ಮಗಳನ್ನು ಹತ್ತಿರ ಕರೆದು, ಚಪ್ಪರದಲ್ಲಿ ಯಾರು ಯಾರು ನೋಡಿದರೆಂದು ಒಬ್ಬೊಬ್ಬರ ಹೆಸರನ್ನಾಗಿ ಕೇಳಲಾರಂಭಿಸಿದರು. ರೈಲಿಗೆ ಹೊತ್ತಾಗುತ್ತಿದ್ದಿತು, ಆದರೂ ಅವಳು ಎಲ್ಲವನ್ನೂ ಹೇಳಿ ಮುಗಿಸುವವರೆಗೂ ನಾವು ಏಳಲಿಲ್ಲ.